ಸುಬ್ರಮಣಿ ಕೊಂಡುಕೊಂಡ ಹಾಡು

ಯಲಹಂಕ ಓಲ್ಡ್ ಟೌನಿನ ಸುಬ್ರಮಣಿ ಒಂದು ಹಾಡನ್ನು ದುಡ್ಡು ಕೊಟ್ಟು ಕೊಂಡುಕೊಂಡಿದ್ದ. ಆ ಹಾಡನ್ನು ಊರೆಲ್ಲ ಕೇಳಿತ್ತು. ಕೇಳದೆ ಉಳಿದವನು ಅವನೊಬ್ಬನೇ.

ಇದೇನು ಒಗಟು ಅಂತ ಹುಬ್ಬು ಏರಿಸಬೇಡಿ. ಎರಡು ಸಾವಿರದ ಹನ್ನೊಂದರ ಮಾತು. ಸುಬ್ರಮಣಿ ತಾನು ಕೆಲಸ ಮಾಡುವ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಲ್ಲದೆ ಆಕಳಿಸುತ್ತಾ ಕೂತಿದ್ದಾಗ ಫೋನು ಬಂತು. ಒಂದು ಹೆಣ್ಣು ದನಿ, ಬಲು ಮರ್ಯಾದೆಯಿಂದ, ಮುನೇಶ್ವರಸ್ವಾಮಿಯ ಭಕ್ತಿಗೀತೆ ಬೇಕಿದ್ದರೆ ಒಂಬತ್ತನ್ನು ಒತ್ತಿ ಅಂತು. ಮುನೇಶ್ವರ ಅವನ ಮನೆದೇವರು. ಮನೆದೇವರನ್ನು ಬೇಡ ಅನ್ನುವುದು ಹೇಗೆ? ಒತ್ತಿದ. "ಅಭಿನಂದನೆಗಳು, ಈ ಹಾಡು ಈಗ ನಿಮ್ಮದು" ಅಂತು ದನಿ. ಸುಬ್ರಮಣಿ ಎದ್ದು ನಿಂತು ಥ್ಯಾಂಕ್ಸ್ ಹೇಳಿದ.

ಅದು ಕಾಲರ್ ಟ್ಯೂನು, ತಿಂಗಳು ತಿಂಗಳು ಫೋನಿನ ಕರೆನ್ಸಿಯಿಂದ ದುಡ್ಡು ಮುರಿದುಕೊಳ್ಳುವಂಥದ್ದು. ಅಂದರೆ ಸುಬ್ರಮಣಿಗೆ ಯಾರು ಫೋನ್ ಮಾಡುತ್ತಾರೋ ಅವರಿಗೆ, ಅವನು ಎತ್ತುವ ತನಕ, ಟ್ರಿಣ್ ಟ್ರಿಣ್ ಬದಲು ಆ ಹಾಡು ಕೇಳಿಸುತ್ತಿತ್ತು. "ಎಂಥಾ ಹಾಡು ಗುರು, ನೀನು ಫೋನ್ ಎತ್ತದೇ ಇದ್ರೇನೇ ಚೆಂದ" ಅಂತ ಸ್ನೇಹಿತರು ಹೊಗಳುತ್ತಿದ್ದರು. ಸುಬ್ರಮಣಿ ಬೀಗುತ್ತಿದ್ದ. ತನಗೂ ಒಮ್ಮೆ ಕೇಳಬೇಕು ಅನ್ನಿಸಿ ತನ್ನ ಫೋನಿನಿಂದ ತನ್ನ ನಂಬರಿಗೇ ಹೊಡೆದ. ಬ್ಯುಸಿ ಬಂತು. ಯಾರೋ ಕೇಳ್ತಾ ಇದಾರೆ, ಕೇಳಲಿ ಪಾಪ, ಅಂತ ಸುಮ್ಮನಾದ.

ಇಷ್ಟರಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಹೊಸತೊಡಕು ಬಂತು.

ಯುಗಾದಿಯ ಮಾರನೇ ದಿನದ ಆ ಬಾಡೂಟಕ್ಕೆ ಅಲ್ಲಾಳಸಂದ್ರದ ಮಾವನ ಮನೆಯಲ್ಲಿ ಅಳಿಯಂದಿರೆಲ್ಲ ಸೇರುವುದು ವಾಡಿಕೆ. ದೊಡ್ಡಳಿಯ ಮುನೇಶ್ ಬಾಗಲಗುಂಟೆಯಿಂದ ಹೊಸ ಕಾರಿನಲ್ಲಿ ಬಂದ. ಬೀದಿ ಕೊನೆಗೇ ಅವನ ಹಾಡು ಕೇಳಿಸಿತು. ಇಳಿದವನೇ ಒಂದು ಪೆನ್ ಡ್ರೈವ್ ತೋರಿಸಿ, "ಮೊಬೈಲ್ ಅಂಗಡಿಯೋನು ತುಂಬ್ಸಿ ಕೊಟ್ಟ, ಸಾವಿರ ಹಾಡು. ನಿನ್ ಗಾಡೀಲಿ ಏನೈತೆ ಸುಬ್ರಮಣಿ?" ಅಂದ.

ಸುಬ್ರಮಣಿಯ ಗಾಡಿ ಸೆಕೆಂಡ್ ಹ್ಯಾಂಡು. ಅದರಲ್ಲಿ ಹಾರನ್ ಬಿಟ್ಟರೆ ಬೇರೆ ಸದ್ದಿಲ್ಲ. ಬಾಯಿಗೆ ಏನು ಬಂತೋ ಅದನ್ನೇ ಹೇಳಿಬಿಟ್ಟ: "ನಾನು ಕದ್ದ ಹಾಡು ಕೇಳಲ್ಲ ಅಣ್ಣ. ದುಡ್ಡು ಕೊಟ್ಟು ಕೊಂಡ್ಕೊಂಡಿದೀನಿ. ಹಾಡಿದೋರಿಗೆ ಸೇರ್ಬೇಕಾದ್ದು ಸೇರ್ಬೇಕು."

ಪಕ್ಕದಲ್ಲೇ ಮೂಳೆ ಚೀಪುತ್ತಿದ್ದ ಮಾವ ಮುನಿಗಂಗಪ್ಪನ ಕೈ ನಿಂತಿತು. ಈತ ಹಾಲಿನ ಸೊಸೈಟಿ ಅಧ್ಯಕ್ಷನಾಗಿದ್ದಾಗ ಹಾಲಿಗೆ ನೀರು ಬೆರೆಸಿದವರ ಹೆಸರನ್ನು ಮೈಕಿನಲ್ಲಿ ಕೂಗಿಸಿದವನು. ಅದರಲ್ಲಿ ಇವನ ಸ್ವಂತ ತಮ್ಮನ ಹೆಸರೂ ಇತ್ತು. ಸುಳ್ಳು ಅಂದರೆ ಆತನಿಗೆ ಮೈಯೆಲ್ಲ ಉರಿ.

"ಇದು ಮಾತು" ಅಂದ ಮುನಿಗಂಗಪ್ಪ. "ನೀರಾಲು ಮಾರೋದೂ ಒಂದೇ, ಕದ್ದ ಪದ ಕೇಳೋದೂ ಒಂದೇ. ಗಂಗಾನಗರದ ಬೀಗ್ರು ಮುನೇಶನ ಗಾಡೀಲಿ ಬರೋದು ಬ್ಯಾಡ. ಸುಬ್ರಮಣಿ ಕರ್ಕಂಬರ್ಲಿ. ದಾರಿಯುದ್ದಕ್ಕೂ ಮುನೇಶ್ವರನ ಪದ ಆಕಲಿ."

ಬೀಗರು ಬರಬೇಕಾಗಿದ್ದದ್ದು ಕೆಲವು ದಿನ ಬಿಟ್ಟು, ಮೂರನೇ ಮಗಳು ರಾಣಿಗೆ ಹೂ ಮುಡಿಸುವ ಶಾಸ್ತ್ರಕ್ಕೆ. ಹುಡುಗ ಹೆಬ್ಬಾಳದಲ್ಲಿ ಗಿಡದ ನರ್ಸರಿ ಇಟ್ಟಿದ್ದವನು. ಹೆಣ್ಣು ನೋಡಲು ಬಂದಾಗ ಒಂದು ದಾಸವಾಳದ ಸಸಿ ತಂದುಕೊಟ್ಟಿದ್ದ. ರಾಣಿ ಆವತ್ತಿಂದ ಆ ಸಸಿಗೆ ನೀರು ಹಾಕಿ ಹಾಕಿ ಅದು ಕೊಳೆಯುವ ಹಂತಕ್ಕೆ ಬಂದಿತ್ತು. ಮುಂಚೆ ಎರಡು ಸಂಬಂಧ ಬಂದು ಮುರಿದಿದ್ದವು, ಆಗೇನೂ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಇದು ಮುರಿದರೆ ಮಾತ್ರ ಹುಡುಗಿ ತಡೆದುಕೊಳ್ಳಲ್ಲ ಅಂತ ಮನೆಯವರಿಗೆಲ್ಲ ಗೊತ್ತಿತ್ತು.

ತೊಡಕಿದ್ದದ್ದು ಒಬ್ಬಟ್ಟಿನಲ್ಲಿ. ಹುಡುಗನ ತಾಯಿ ಯಲ್ಲಮ್ಮ ಮೊದಲ ಸಲ ಬಂದಾಗಲೇ, "ನಮ್ಮ ವಂಶದಲ್ಲಿ ಒಬ್ಬಟ್ಟು ತಟ್ಟೋಕೆ ಬರ್ದಿರೋ ಸೊಸೇನೇ ಇಲ್ಲ" ಅಂದುಬಿಟ್ಟಿದ್ದಳು. ಸುಬ್ರಮಣಿಯ ಅತ್ತೆ ಮುನಿನಾರಾಯಣಮ್ಮ ಉಸಿರು ಕೂಡ ತಗೊಳ್ಳದೆ, "ನಮ್ಮ ರಾಣಿ ತಟ್ಟಿದ್ರೆ ಆಚೆ ಕಡೆ ಕಾಣ್ಬೇಕು" ಅಂದಿದ್ದಳು. ರಾಣಿ ತಟ್ಟಿದರೆ ಆಚೆ ಕಡೆ ಕಾಣುತ್ತಿದ್ದದ್ದು ನಿಜವೇ, ತೂತಿನಿಂದ. ಹಾಗಾಗಿ ಶಾಸ್ತ್ರದ ದಿನ ಯಲಹಂಕದ ಅಂಗಡಿಯಿಂದ ಗುಟ್ಟಾಗಿ ಒಬ್ಬಟ್ಟು ತರುವ ಕೆಲಸವನ್ನೂ ಸುಬ್ರಮಣಿಗೇ ಹಚ್ಚಿದಳು. ಮಾವನಿಗೆ ತಿಳಿಯಕೂಡದು ಅಂತ ಮುನೇಶ್ವರನ ಮೇಲೆ ಆಣೆ ಹಾಕಿಸಿಕೊಂಡಳು.

ಮೊದಲು ಹಾಡಿನ ವ್ಯವಸ್ಥೆ ಆಗಬೇಕಲ್ಲ. ಆರ್.ಟಿ. ನಗರದಲ್ಲಿ ಕಾರ್ ಸ್ಟೀರಿಯೋ ಅಂಗಡಿ ಇಟ್ಟಿದ್ದ ನಜೀರ್ ಹತ್ತಿರ ಗಾಡಿ ನಿಲ್ಲಿಸಿದ. ನಜೀರ್ ಸೆಟ್ಟನ್ನು ಬೆರಳಿನಿಂದ ಬಡಿದು ನೋಡಿದ. "ಸಿ.ಡಿ. ಬಾಯಿ ಜಾಮ್ ಆಗಿದೆ ಸಾರ್. ಏರಿಯಲ್ ಮುರಿದಿದೆ. ಕೆಂಪು ಬಟನ್ ಬಿದ್ದೇಹೋಗಿದೆ. ಬ್ಲೂಟೂತಲ್ಲಿ ಫೋನ್ ಮಾತು ಒಂದೇ ಬರೋದು. ಹಾಡು ಎಲ್ಲಿದೆ?"

"ಫೋನಲ್ಲಿ."

ನಜೀರ್ ಫೋನನ್ನೆಲ್ಲ ಜಾಲಾಡಿ, ಕೊನೆಗೆ ವಿಷಯ ತಿಳಿದು ಸುಬ್ರಮಣಿಯ ಭುಜದ ಮೇಲೆ ಕೈ ಇಟ್ಟ. "ಸಾರ್, ಈ ಹಾಡು ನಿಮಗಲ್ಲ. ನಿಮಗೆ ಫೋನ್ ಮಾಡೋರಿಗೆ. ಹೊಸ ಸೆಟ್ ಹಾಕ್ಸಿ, ಹಾಡು ನಾನೇ ತುಂಬ್ಸಿ ಕೊಡ್ತೀನಿ."

ಸುಬ್ರಮಣಿ ಇಂಗು ತಿಂದ ಮಂಗನ ಹಾಗೆ ಅಲ್ಲಿಂದ ಹೊರಟ. ಆದರೆ ಹೆಬ್ಬಾಳದ ಕಡೆ ತಿರುಗುವಷ್ಟರಲ್ಲಿ ಅವನಿಗೆ ಜ್ಞಾನೋದಯವಾಯಿತು. ಗಾಡಿಯಲ್ಲಿ ಫೋನ್ ಮಾತು ಬರುತ್ತೆ. ತನಗೆ ಫೋನ್ ಮಾಡಿದವರಿಗೆ ಹಾಡು ಬರುತ್ತೆ. ಅಂದಮೇಲೆ ಗಾಡಿಯಿಂದಲೇ ತನಗೆ ಫೋನ್ ಮಾಡಿದರೆ? ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇಂಥದ್ದೆಲ್ಲ ಟ್ರಾಫಿಕ್ಕಿನಲ್ಲೇ ಹೊಳೆಯೋದು ಇರಬೇಕು.

ಮನೆಗೆ ಬಂದವನೇ ಹೆಂಡತಿ ಶಶಿರೇಖಾಳ ಫೋನನ್ನು ಗಾಡಿಗೆ ಜೋಡಿಸಿದ. ತನ್ನ ಫೋನನ್ನು ಸೈಲೆಂಟ್ ಮಾಡಿ ಒಳಗೆ ಅಕ್ಕಿ ಡಬ್ಬದಲ್ಲಿ ಹಾಕಿಸಿದ. ಆಮೇಲೆ ಸೆಟ್ಟಿನಲ್ಲಿ ಕೊನೆಯ ನಂಬರಿಗೆ ಮತ್ತೆ ಹೊಡೆಯುವ ಹಸಿರು ಗುಂಡಿ ಒತ್ತಿ ತನಗೆ ತಾನೇ ಫೋನ್ ಮಾಡಿದ. ಗಾಡಿಯ ನಾಲ್ಕೂ ಮೂಲೆಯಿಂದ ತಮಟೆ ಸದ್ದು, ಹಿಂದೆಯೇ ಹಾಡು. ತಾನು ಕೊಂಡ ಹಾಡನ್ನು ಸುಬ್ರಮಣಿ ಮೊದಲ ಸಲ ಕೇಳಿದ್ದು ಆಗ. ಅವನ ಕಣ್ಣಲ್ಲಿ ನೀರು ಬಂತು. ಪಲ್ಲವಿ ಮುಗಿಯುವಷ್ಟರಲ್ಲಿ, "ನೀವು ಕರೆ ಮಾಡಿದ ಚಂದಾದಾರರು ಉತ್ತರಿಸುತ್ತಿಲ್ಲ" ಅಂತು ಆ ಹೆಣ್ಣು. ಮತ್ತೆ ಹಸಿರು ಗುಂಡಿ ಒತ್ತಿದ. ಮತ್ತೆ ತಮಟೆ.

"ಇದು ಹಾಡು ಕೇಳೋದಲ್ಲ ಕಣ್ರೀ, ಮಿಸ್ಡ್ ಕಾಲ್ ಕೊಡೋದು" ಅಂದಳು ಶಶಿರೇಖಾ.

"ಆ ಹೆಂಗಸು ಮಾತಾಡೋವಾಗ ನಾನು ಕೆಮ್ತೀನಿ, ಯಾರಿಗೂ ಗೊತ್ತಾಗಲ್ಲ. ನನ್ ಫೋನ್ ಮಾತ್ರ ಯಾರೂ ಎತ್ತಬಾರ್ದು, ಅಷ್ಟೇ."

ಶಾಸ್ತ್ರದ ದಿನ ಬೆಳಗ್ಗೆ ಶಶಿರೇಖಾ ಒಬ್ಬಟ್ಟಿನ ಡಬ್ಬ ಹೊತ್ತು ತವರಿಗೆ ಹೊರಟಳು. ಅವಳ ಫೋನ್ ಗಾಡಿಯಲ್ಲಿ. ಕೈಯಲ್ಲಿ ಒಂದು ಫೋನಾದರೂ ಇರಲಿ ಅಂತ ಅಕ್ಕಿ ಡಬ್ಬದಿಂದ ಗಂಡನ ಫೋನ್ ತೆಗೆದುಕೊಂಡು ಹೋಗಿ ತಾಯಿಯ ಅಡುಗೆಮನೆ ಷೆಲ್ಫಿನ ಮೇಲೆ ಇಟ್ಟಳು. ಯಾರೂ ಎತ್ತಬೇಡಿ ಅಂತ ಹೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಹಾಲು ಉಕ್ಕಿತು.

ಇತ್ತ ಗಂಗಾನಗರದಲ್ಲಿ ಸುಬ್ರಮಣಿ ಬೀಗರನ್ನು ಗಾಡಿಗೆ ಹತ್ತಿಸಿಕೊಂಡ. ಹುಡುಗ ಬೈಕಿನಲ್ಲಿ ಮುಂದೆ ಹೋಗಿದ್ದ. ಹುಡುಗನ ತಂದೆ ರಾಮಕೃಷ್ಣಪ್ಪ ಮುಂದಿನ ಸೀಟಿನಲ್ಲಿ ಕೂತ. ಅವನ ತೊಡೆಯ ಮೇಲೆ ಹೂವು, ಹಣ್ಣು, ತೆಂಗಿನಕಾಯಿ, ಸೀರೆ ತುಂಬಿದ ದೊಡ್ಡ ಹರಿವಾಣ. ಅದರ ಹಿಂದೆ, ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ, ಶಶಿರೇಖಾಳ ಫೋನು. ಹಿಂದಿನ ಸೀಟಿನಲ್ಲಿ ಯಲ್ಲಮ್ಮ ಮತ್ತು ಅವಳ ಗಂಡನ ಅಕ್ಕ ಚನ್ನಕ್ಕ. ಚನ್ನಕ್ಕ ಕಡಿಮೆ ಮಾತಿನವಳು, ಕೇಳಿದ್ದನ್ನು ಮರೆಯದವಳು.

ಹಸಿರು ಗುಂಡಿ ಒತ್ತಿದ. ತಮಟೆ, ಹಾಡು, ಕೆಮ್ಮು. ತಮಟೆ, ಹಾಡು, ಕೆಮ್ಮು. ರಾಮಕೃಷ್ಣಪ್ಪನಿಗೆ ಕಿವಿ ಸ್ವಲ್ಪ ಮಂದ, ಮುಂದೆ ಬಾಗಿ ತಾನೇ ವಾಲ್ಯೂಮ್ ಏರಿಸಿಕೊಂಡ. "ದೇವರ ಪದ ಚೆನ್ನಾಗಿದೆ. ಚರಣ ಇಲ್ವಾ?"

"ಕೊಂಡ ಹಾಡು ಸಾರ್. ಸ್ವಲ್ಪ ಸ್ವಲ್ಪನೇ ಕೊಡ್ತಾರೆ."

"ಕೆಮ್ಮಿಗೆ ಔಷಧಿ ತಗೊಳ್ಳಪ್ಪಾ" ಅಂದಳು ಯಲ್ಲಮ್ಮ ಹಿಂದಿನಿಂದ.

ಹೆಬ್ಬಾಳ ಫ್ಲೈಓವರ್ ಹತ್ತಿದ್ದೇ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ಏರ್‌ಪೋರ್ಟ್ ರಸ್ತೆಗೆ ಕಂಬ ನಿಲ್ಲಿಸುತ್ತಿದ್ದ ಕಾಲ, ಮುಂದೆ ಬರೀ ಧೂಳು. ಸುಬ್ರಮಣಿ ಇನ್ನೊಮ್ಮೆ ಗುಂಡಿ ಒತ್ತಿದ. ಅಲ್ಲಾಳಸಂದ್ರದ ಷೆಲ್ಫಿನ ಮೇಲೆ ಫೋನು ಮಿಣುಕಿತು. ಮುನಿನಾರಾಯಣಮ್ಮ ಅದನ್ನು ಎಷ್ಟೋ ಹೊತ್ತಿನಿಂದ ನೋಡುತ್ತಿದ್ದಳು. ಯಾರೋ ಪಾಪ, ಬಿಡದೆ ಹೊಡೀತಾ ಅವ್ರೆ ಅಂತ ಅವಳಿಗೆ ಕರುಳು ಚುರುಕ್ ಅಂತು. ಎತ್ತಿದಳು.

ಗಾಡಿಯಲ್ಲಿ ತಮಟೆ ನಿಂತಿತು. "ಅಲೋ... ಅಲೋ... ಯಾರದು?" ಅಂತ ನಾಲ್ಕೂ ಮೂಲೆಯಿಂದ ಬಂತು.

ಆ ಗಳಿಗೆಯಲ್ಲಿ ಸುಬ್ರಮಣಿ "ಅತ್ತೆ, ಕಟ್ ಮಾಡಿ" ಅಂದಿದ್ದರೆ ಈ ಕಥೆ ಫ್ಲೈಓವರ್ ಮೇಲೇ ಮುಗಿಯುತ್ತಿತ್ತು. ಆದರೆ ಹಾಗಂದರೆ ಕೊಂಡ ಹಾಡಿನ ಬಂಡವಾಳ ಬಯಲಾಗುತ್ತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ. ಅವನು ಬಾಯಿ ಮುಚ್ಚಿಕೊಂಡ. ಆ ಕಡೆ, "ಉಸ್ರೇ ಇಲ್ಲ" ಅಂತ ಗೊಣಗಿ ಮುನಿನಾರಾಯಣಮ್ಮ ಫೋನನ್ನು ಕಟ್ ಮಾಡದೆ ಹಾಗೇ ಷೆಲ್ಫಿನ ಮೇಲಿಟ್ಟಳು. ಅವಳಿಗೆ ಗೊತ್ತಿದ್ದಂತೆ ಫೋನನ್ನು ಕೆಳಗಿಟ್ಟರೆ ಅದು ತಾನಾಗೇ ನಿಂತುಹೋಗಬೇಕು.

"ಇದೇನ್ರೀ?" ಅಂದ ರಾಮಕೃಷ್ಣಪ್ಪ.

"ನಾಟಕ ಸಾರ್" ಅಂದ ಸುಬ್ರಮಣಿ. "ದುಡ್ಡು ಕೊಟ್ಟು ಹಾಡು ಕೊಂಡ್ರೆ ಜೊತೆಗೆ ಒಂದು ಹಾಸ್ಯ ನಾಟಕ ಫ್ರೀ." ಹೇಳಿದ ಮೇಲೆ ಅವನಿಗೇ ತನ್ನ ಬಗ್ಗೆ ಭಯವಾಯಿತು. ಕಟ್ ಮಾಡಲು ಕೈ ಹಾಕಿದರೆ ಕೆಂಪು ಗುಂಡಿಯ ಜಾಗದಲ್ಲಿ ತೂತು. ಡ್ರಾಯರ್ ತೆಗೆಯೋಣ ಅಂದರೆ ಹರಿವಾಣ. ವಾಲ್ಯೂಮ್ ಇಳಿಸಿದ. ರಾಮಕೃಷ್ಣಪ್ಪ ಮತ್ತೆ ಏರಿಸಿದ.

ನಾಟಕ ಶುರುವಾಯಿತು.

"ಅಂಗಡೀ ಡಬ್ಬ ಅಟ್ಟಕ್ಕೆ ಎಸಿ. ಬೀಗ್ರ ಕಣ್ಣಿಗೆ ಬಿದ್ರೆ ಮಾನ ಓಯ್ತದೆ. ಒಬ್ಬಟ್ಟು ಒಂದ್ಕಿತ ಬೆಚ್ಚಗ್ ಮಾಡಿ ತುಪ್ಪ ಸುರಿ, ಈಗ ತಟ್ಟಿದಂಗೆ ಕಾಣ್ಬೇಕು."

"ಬೇಡಮ್ಮ. ನಂಗೆ ಬರಲ್ಲ ಅಂತ ನಿಜಾನೇ ಹೇಳ್ಬಿಡೋಣ."

"ಆ ಬೀಗಿತಿ ಮುಂದೆನಾ? ಅವ್ಳ ಬಾಯಿ ನೋಡಿಲ್ವ ನೀನು? ಒಬ್ಬಟ್ಟು ಒಬ್ಬಟ್ಟು ಅಂತ ಮೂರೊತ್ತೂ ಅದೇ ಜಪ. ಅವ್ಳ ಮಗನ್ನ ಒಬ್ಬಟ್ಟಿಗೇ ಕೊಟ್ಟು ಮದ್ವೆ ಮಾಡ್ಲಿ."

ಹಿಂದಿನ ಸೀಟಿನಲ್ಲಿ ಯಲ್ಲಮ್ಮ ಬಿದ್ದು ಬಿದ್ದು ನಕ್ಕಳು. "ಇಂಥ ಬೀಗಿತೀರು ಇರ್ತಾರೆ ಅತ್ತಿಗೆ. ನಮ್ಮ ಕೊನೇ ಓರಗಿತ್ತಿ ಥೇಟ್ ಹಿಂಗೇ" ಅಂದಳು. ಕನ್ನಡಿ ಇಲ್ಲದ ಕಡೆ ಮನುಷ್ಯರಿಗೆ ತಮ್ಮ ಗುರುತು ಸಿಗುವುದಿಲ್ಲ. ಚನ್ನಕ್ಕ ನಗಲಿಲ್ಲ. ತಲೆ ಓರೆ ಮಾಡಿ ಕೇಳುತ್ತಿದ್ದಳು.

"ಅಳಿಯಂದ್ರು ಬುದ್ಧಿವಂತಿಕೆ ನೋಡು" ಅಂತ ಮುಂದುವರಿಯಿತು ದನಿ. "ಗುಟ್ಟಾಗಿ ತನ್ನಿ ಅಂದ್ರೆ ಅಂಗಡೀ ಬಿಲ್ಲನ್ನ ಡಬ್ಬದ ಮ್ಯಾಲೇ ಅಂಟಿಸ್ಕೊಂಡು ತಂದವ್ರೆ. ಮನಸು ಬಂಗಾರ, ತಲೆ ಮಾತ್ರ ಖಾಲಿ ಡಬ್ಬ."

"ಅಮ್ಮಾ, ಅವರನ್ನ ಯಾಕೆ ಅಂತೀಯ" ಅಂತ ಇನ್ನೊಂದು ಹೆಣ್ಣು ದನಿ. ಸುಬ್ರಮಣಿ ಕಿವಿ ನಿಮಿರಿಸಿದ. ಅದು ಅವನ ಹೆಂಡತಿಯದು. ಸ್ವಲ್ಪ ತಡೆದು ಅದೇ ದನಿ, "ನೀನು ಹೇಳೋದೇನೋ ನಿಜಾನೇ ಬಿಡು" ಅಂತು.

ರಾಮಕೃಷ್ಣಪ್ಪ ನಕ್ಕ ರಭಸಕ್ಕೆ ಹರಿವಾಣದಿಂದ ಒಂದು ಮೋಸಂಬಿ ಉರುಳಿತು. "ಈ ಅಳಿಯನ ಪಾರ್ಟು ಸೊಗಸಾಗಿದೆ. ಯಾರು ಮಾಡಿರೋದು?"

"ಅವನು ಇನ್ನೂ ಸ್ಟೇಜಿಗೆ ಬಂದಿಲ್ಲ ಸಾರ್" ಅಂದ ಸುಬ್ರಮಣಿ, ಹಲ್ಲು ಕಾಣುವಷ್ಟು ನಕ್ಕು. ನಗದಿದ್ದರೆ ಅನುಮಾನ ಬರುತ್ತಿತ್ತು.

"ಏ ರಾ..." ಅಂತ ಅತ್ತೆ ಕರೆಯಲು ಹೊರಟದ್ದು ಕೇಳಿದ್ದೇ ತಡ, ಸುಬ್ರಮಣಿ ಹಾರನ್ನಿನ ಮೇಲೆ ಕೈ ಊರಿದ. ರಾಣಿ ಅನ್ನುವ ಹೆಸರು ಹಾರನ್ನಿನಲ್ಲಿ ಮುಳುಗಿತು. ಅವಳು ಇನ್ನೊಮ್ಮೆ ಕರೆದಳು, ಇವನು ಇನ್ನೊಮ್ಮೆ ಹೊಡೆದ. ಒಂದು ಅಂಗುಲ ಕದಲದ ಜಾಮಿನಲ್ಲಿ ಹೀಗೆ ಹಾರನ್ ಹೊಡೆಯುವವನು ಯಾರು ಅಂತ ಟ್ರಾಫಿಕ್ ಪೊಲೀಸ್ ಬ್ಯಾಟರಾಯಪ್ಪ ಗಾಡಿಗಳ ಸಂದಿಯಲ್ಲಿ ನುಸುಳಿಕೊಂಡು ಬಂದ.

"ಏನ್ ಸ್ವಾಮಿ, ಮುಂದಿರೋರೆಲ್ಲ ಪಿಕ್‌ನಿಕ್ಕಿಗೆ ನಿಂತಿದಾರೆ ಅಂದ್ಕೊಂಡ್ರಾ? ಲೈಸೆನ್ಸ್ ತೆಗೀರಿ" ಅಂತ ಕಿಟಕಿಗೆ ಬಗ್ಗಿದವನು, ಒಳಗಿಂದ ಬರುತ್ತಿದ್ದ ಜಗಳ ಕೇಳಿ ಅಲ್ಲೇ ನಿಂತ.

"ನಾಳೆ ಆ ಮನೇಲಿ ಒಲೆ ಮುಂದೆ ನಿಲ್ಲೋಳು ನಾನಮ್ಮ, ನೀನಲ್ಲ" ಅನ್ನುತ್ತಿತ್ತು ಹುಡುಗಿಯ ದನಿ. "ಅವರು ಬೇಡ ಅಂದ್ರೆ ಅಳ್ತೀನಿ. ಆದ್ರೆ ಸುಳ್ಳು ಹೇಳಿ ಆ ಮನೆಗೆ ಹೋಗಲ್ಲ."

ಗಾಡಿಯಲ್ಲಿ ನಗು ನಿಂತಿತು. ಅಷ್ಟರಲ್ಲಿ ಶಶಿರೇಖಾಳ ಫೋನಿನ ಕರೆನ್ಸಿ ಮುಗಿದು ನಾಟಕವೂ ನಿಂತಿತು.

"ಆಮೇಲೇನಾಯ್ತು?" ಅಂದ ಬ್ಯಾಟರಾಯಪ್ಪ. ಗೊತ್ತಿಲ್ಲ ಸಾರ್ ಅಂದಿದ್ದಕ್ಕೆ ಅವನಿಗೆ ನಿಜವಾಗಿ ಬೇಜಾರಾಯಿತು. ಲೈಸೆನ್ಸ್ ಮರೆತು, ಮುಂದಿನ ಬಸ್ಸಿಗೆ ಸುಮ್ಮನೆ ನಾಲ್ಕು ಬೈದು ಹೋದ.

ಯಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥಾ ಹುಡುಗಿ ನೋಡಿ ಅತ್ತಿಗೆ. ಆ ಬೀಗಿತಿಗೆ ಬುದ್ಧಿ ಬೇಡ್ವಾ? ಒಬ್ಬಟ್ಟಿಗೋಸ್ಕರ ಇಂಥ ಹೆಣ್ಣನ್ನ ಬಿಡ್ತಾರಾ ಯಾರಾದ್ರೂ? ನಾನಾಗಿದ್ರೆ ಎರಡು ಕೈಯಲ್ಲೂ ಬಾಚಿಕೊಂಡು ಹೋಗ್ತಿದ್ದೆ."

"ಹೌದು ಹೌದು" ಅಂದಳು ಚನ್ನಕ್ಕ.

ಅಲ್ಲಾಳಸಂದ್ರದ ಮನೆ ಮುಂದೆ ಗಾಡಿ ನಿಂತಿದ್ದೇ ಸುಬ್ರಮಣಿ ಹಿತ್ತಲಿನಿಂದ ಅಡುಗೆಮನೆಗೆ ಓಡಿದ. "ಅತ್ತೆ, ಒಬ್ಬಟ್ಟಿನ ಮಾತು ಎತ್ತಬೇಡಿ. ಅವರಿಗೆ..."

"ಸುಮ್ಕಿರಿ ಅಳಿಯಂದ್ರೇ, ಬಿಲ್ಲು ಕಿತ್ತಾಕಿದೀನಿ" ಅಂತ ಅವನ ಕೈಗೇ ಒಬ್ಬಟ್ಟಿನ ಬೇಸಿನ್ ಕೊಟ್ಟು ಮುನಿನಾರಾಯಣಮ್ಮ ನಡುಮನೆಗೆ ಬಂದಳು. "ಬನ್ನಿ ಬನ್ನಿ, ಎಲ್ರೂ ಉಸಾರಾಗಿದೀರಾ?"

ಯಲ್ಲಮ್ಮ ಹೊಸಲು ದಾಟುತ್ತಿದ್ದವಳು ಒಂದು ಕಾಲನ್ನು ಎತ್ತಿಕೊಂಡೇ ನಿಂತಳು. ಆ ದನಿ. ಅವಳು ಚನ್ನಕ್ಕನ ಮುಖ ನೋಡಿದಳು. ಚನ್ನಕ್ಕ ಸೂರು ನೋಡುತ್ತಿದ್ದಳು.

ಹೂ ಮುಡಿಸುವ ಮುಂಚೆ ಬಾಯಿ ಸಿಹಿಯಾಗಲಿ ಅಂತ ತಟ್ಟೆಗಳು ಬಂದವು. ಸುಬ್ರಮಣಿ ಒಬ್ಬಟ್ಟು ಬಡಿಸಿದ. ಯಲ್ಲಮ್ಮ ಮುಟ್ಟಲಿಲ್ಲ. "ಇದನ್ನ ಯಾರು ತಟ್ಟಿದ್ದು?"

"ಇನ್ಯಾರು, ನಮ್ಮ ರಾಣೀನೇ. ಕೋಳಿ ಕೂಗೋಕ್ ಮುಂಚೆ ಎದ್ದು..."

"ನಾನು ನಿಮ್ಮನ್ನ ಕೇಳಲಿಲ್ಲ" ಅಂದಳು ಯಲ್ಲಮ್ಮ. "ರಾಣಿ, ನೀನೇನಾ?"

ರಾಣಿ ಹುಡುಗನನ್ನು ಒಂದು ಸಲ ನೋಡಿದಳು, ಅಮ್ಮನನ್ನು ಒಂದು ಸಲ. "ಅಲ್ಲ ಅತ್ತೆ, ಅಂಗಡೀದು. ನಂಗೆ ಒಬ್ಬಟ್ಟು ತಟ್ಟೋಕೆ ಬರಲ್ಲ. ನೀವು ಬೇಡ ಅಂದ್ರೆ ಅಳ್ತೀನಿ. ಆದ್ರೆ ಸುಳ್ಳು ಹೇಳಿ ನಿಮ್ಮನೆಗೆ ಬರಲ್ಲ."

ಮುನಿಗಂಗಪ್ಪನ ಮುಖ ಕಪ್ಪಿಟ್ಟಿತು. ಹಾಲಿಗೆ ನೀರು ಬೆರೆಸಿದವರ ಹೆಸರು ಕೂಗಿಸಿದವನ ಮನೆಯಲ್ಲೇ ಇದು. ಯಲ್ಲಮ್ಮನ ಮುಖ ಕೆಂಪಾಯಿತು. ಅವಳು ಮುನಿನಾರಾಯಣಮ್ಮನ ಕಡೆ ತಿರುಗಿದಳು. "ಅವ್ಳ ಮಗನ್ನ ಒಬ್ಬಟ್ಟಿಗೇ ಕೊಟ್ಟು ಮದ್ವೆ ಮಾಡ್ಲಿ ಅಂದ್ರಲ್ಲ, ಅದು ನನ್ನ ಮಗನ್ನೇನಾ? ಮೂರು ಹೊತ್ತೂ ಅದೇ ಜಪ ಅಂದ್ರಲ್ಲ, ಅದು ನಾನೇನಾ?"

ಬಾಗಿಲು ಹಾಕಿಕೊಂಡ ಅಡುಗೆಮನೆಯಲ್ಲಿ ಆಡಿದ ಮಾತು, ಅಕ್ಷರ ಬಿಡದೆ, ಗಂಗಾನಗರದಿಂದ ಬಂದ ಹೆಂಗಸಿನ ಬಾಯಲ್ಲಿ. ಕಣ್ಣು ಕೆಂಪಗೆ, ಮೈ ಅದುರುತ್ತಾ ಇದೆ. ಮುನಿನಾರಾಯಣಮ್ಮನಿಗೆ ಅರ್ಥವಾಗಿದ್ದು ಒಂದೇ: ಬೀಗಿತಿಯ ಮೈಮೇಲೆ ಮುನೇಶ್ವರ ಬಂದವನೆ.

"ತಪ್ಪಾಯ್ತು ನನ್ನಪ್ಪಾ" ಅಂತ ಅಲ್ಲೇ ಉದ್ದಕ್ಕೆ ಅಡ್ಡಬಿದ್ದಳು. "ಶಶೀ, ಕರ್ಪೂರ ಅಚ್ಚು. ನಿಂಬೆಹಣ್ಣು ತಗಂಬಾ. ಎಲ್ಲಾ ನಂದೇ ತಪ್ಪು ಸ್ವಾಮಿ, ಮಗೂದೇನಿಲ್ಲ. ಓದ್ ವರ್ಷ ನಿನ್ನ ಅರಕೆ ಕೋಳೀನ ಬದಲಾಯ್ಸಿ ಸಣ್ಣದು ಕೊಟ್ಟಿದ್ದೂ ನಾನೇ."

ಶಶಿರೇಖಾ ಗಾಬರಿಯಲ್ಲಿ ಕರ್ಪೂರ ಹಚ್ಚಿಯೇಬಿಟ್ಟಳು. ಯಲ್ಲಮ್ಮನ ಮುಖದ ಸುತ್ತ ಮಂಗಳಾರತಿ ಎತ್ತಿದರು. ಮಂಗಳಾರತಿ ಎತ್ತುತ್ತಿರುವಾಗ ಬೈಯೋದು ಹೇಗೆ? ಅವಳು ಅಭ್ಯಾಸಬಲದಿಂದ ತಾನೇ ಆರತಿ ತಗೊಂಡು ಕಣ್ಣಿಗೆ ಒತ್ತಿಕೊಂಡಳು.

ಆಗ ಚನ್ನಕ್ಕ ಮಾತಾಡಿದಳು. "ಯಲ್ಲಮ್ಮಾ, ಗಾಡೀಲಿ ತೀರ್ಪು ಕೊಟ್ಟಾಗಿದೆಯಲ್ಲ. ಎರಡು ಕೈಯಲ್ಲೂ ಬಾಚಿಕೊಂಡು ಹೋಗ್ತೀನಿ ಅಂದೋಳು ನೀನೇ. ಆ ಬೀಗಿತಿಗೆ ಬುದ್ಧಿ ಬೇಡ್ವಾ ಅಂದೋಳೂ ನೀನೇ."

ರಾಣಿ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಯಲ್ಲಮ್ಮ ಒಬ್ಬಟ್ಟನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಅಂದುಕೊಂಡರು. ನಗುತ್ತಿದ್ದಳು.

"ಹೂ ಕೊಡಿ ಅತ್ತಿಗೆ" ಅಂದಳು. ಎದ್ದು ರಾಣಿಯ ಜಡೆಗೆ ಮೊಳ ಮಲ್ಲಿಗೆ ಮುಡಿಸಿ, ಅವಳ ಕೆನ್ನೆ ಸವರಿದಳು. "ಒಬ್ಬಟ್ಟು ನಾನು ತಟ್ತೀನಿ. ನೀನು ನಿಜ ಹೇಳ್ಕೊಂಡು ಪಕ್ಕದಲ್ಲಿ ನಿಂತ್ಕೊ ಸಾಕು." ರಾಣಿ ಆಗ ಅತ್ತಳು, ಅಳಬೇಕಾಗಿಲ್ಲದ ಹೊತ್ತಿನಲ್ಲಿ.

ಮುನಿಗಂಗಪ್ಪ ನಿಧಾನವಾಗಿ ಅಳಿಯನ ಕಡೆ ತಿರುಗಿದ. "ನಮ್ಮ ಅಡ್ಗೆಮನೆ ಮಾತು ನಿನ್ ಗಾಡಿಗೆ ಎಂಗೆ ಬಂತಪ್ಪಾ?"

ಸುಬ್ರಮಣಿ ಒಬ್ಬಟ್ಟಿನ ಬೇಸಿನ್ ಹಿಡಿದುಕೊಂಡೇ ಎಲ್ಲವನ್ನೂ ಒಪ್ಪಿಸಿದ. ಕಾಲರ್ ಟ್ಯೂನು, ಹಸಿರು ಗುಂಡಿ, ಉದುರಿದ ಕೆಂಪು ಗುಂಡಿ, ಕೆಮ್ಮು, ಒಂದನ್ನೂ ಬಿಡಲಿಲ್ಲ. ಸುಳ್ಳು ಸಹಿಸದ ಆ ಮನುಷ್ಯನಿಗೆ ಇದು ಸುಳ್ಳೋ, ಪೆದ್ದುತನವೋ ಅಂತ ತೀರ್ಮಾನ ಮಾಡೋಕೆ ಸ್ವಲ್ಪ ಹೊತ್ತು ಹಿಡಿಯಿತು. ಹಣೆಗೆ ಕೈ ಹಚ್ಚಿಕೊಂಡು ಕೂತ.

ಈ ಗಲಾಟೆಯಲ್ಲಿ ಅರ್ಧ ರಾಮಕೃಷ್ಣಪ್ಪನ ಕಿವಿಗೆ ಬಿದ್ದಿರಲಿಲ್ಲ. ಅವನು ಎರಡನೇ ಒಬ್ಬಟ್ಟು ಮುಗಿಸಿ, ಬೆರಳು ನೆಕ್ಕಿ, ಮುನಿಗಂಗಪ್ಪನ ಹತ್ತಿರ ಸರಿದ.

"ಎಲ್ಲಾ ಚೆನ್ನಾಯ್ತು ಬೀಗ್ರೇ. ಗಾಡೀಲಿ ಒಂದು ನಾಟಕ ಕೇಳಿದ್ವಿ, ಅದೂ ಚೆನ್ನಾಗಿತ್ತು. ಒಂದೇ ಬೇಜಾರು. ಅದರಲ್ಲಿ ಒಬ್ಬ ಅಳಿಯ ಇದ್ದ, ಖಾಲಿ ಡಬ್ಬ. ಕೊನೇವರೆಗೂ ಸ್ಟೇಜಿಗೆ ಬರಲೇ ಇಲ್ಲ."

ಮುನಿಗಂಗಪ್ಪ ಹಣೆಯಿಂದ ಕೈ ತೆಗೆಯದೆ ಹೇಳಿದ:

"ಬಂದವ್ನೆ ಬೀಗ್ರೇ. ನಿಮ್ ತಟ್ಟೇಗೆ ಮೂರನೇ ಒಬ್ಬಟ್ಟು ಆಕ್ತಾವ್ನಲ್ಲ, ಅವ್ನೇ."